ಮೂಲೆಮಟ್ಟದ ಮೇಸ್ತ್ರಿಯೂ ಹೆಂಡತಿಯ ಸೊಟ್ಟ ಟೈಲ್ಸೂ

ಊರಿನ ಅರ್ಧದಷ್ಟು ಬಚ್ಚಲುಮನೆಗಳಿಗೆ ಟೈಲ್ಸ್ ಕೂರಿಸಿದ ಮೇಸ್ತ್ರಿಯನ್ನು ಜನ ಪ್ರೀತಿಯಿಂದ ‘ಮೂಲೆಮಟ್ಟ’ ಎಂದು ಕರೆಯುತ್ತಿದ್ದರು. ಪ್ರೀತಿಯಿಂದ ಎನ್ನುವುದು ಮೇಸ್ತ್ರಿಯ ನಂಬಿಕೆ. ಗೋಡೆಯ ಮೂಲೆ ಸರಿಯಾಗಿದೆಯೇ ಎಂದು ಇಟ್ಟು ನೋಡುವ ಕಬ್ಬಿಣದ ಪಟ್ಟಿಗೆ ಆ ಹೆಸರು. ಅದನ್ನು ಅವನು ಗೋಡೆಗಷ್ಟೇ ಇಟ್ಟು ನೋಡಿದ್ದರೆ ಯಾರದೂ ತಕರಾರಿರಲಿಲ್ಲ. ಯಾರ ಮನೆಗೆ ಹೋದರೂ ಕೂರುವ ಮೊದಲು ಗೋಡೆಯ ಫೋಟೋ ನೇರ ಮಾಡುವನು. ಆಸ್ಪತ್ರೆಯಲ್ಲಿ ಮಲಗಿದ್ದ ಭಾವಮೈದುನನನ್ನು ನೋಡಲು ಹೋಗಿ, ಮಂಚ ಗೋಡೆಗೆ ಓರೆಯಾಗಿದೆ ಎಂದು ರೋಗಿಯ ಸಮೇತ ಅದನ್ನು ಸರಿಸಿ, ನರ್ಸಿನಿಂದ ಬೈಸಿಕೊಂಡು ಬಂದಿದ್ದ.

ಹೆಂಡತಿಯಂತೂ ಮದುವೆಯಾದಾಗಿನಿಂದ ಆ ಪಟ್ಟಿಯ ಕೆಳಗೇ ಬಾಳಿದವಳು. ಅವಳು ಮಡಚಿಟ್ಟ ಹೊದಿಕೆಯನ್ನು ಅವನು ಬಿಚ್ಚಿ ಮತ್ತೆ ಮಡಚುವನು. ಅವಳು ಒಣಹಾಕಿದ ಬಟ್ಟೆಯ ಅಂಚು ಎಳೆದು ಸಮ ಮಾಡುವನು. ಮೊದಮೊದಲು ಅವಳು ಅತ್ತಳು, ಆಮೇಲೆ ಜಗಳವಾಡಿದಳು, ಕೊನೆಗೆ ಹೇಗೂ ಮತ್ತೆ ಮಾಡುತ್ತಾರಲ್ಲ ಎಂದು ಎಲ್ಲವನ್ನೂ ಅರ್ಧಕ್ಕೇ ಬಿಡುವುದನ್ನು ಕಲಿತಳು. ಹಾಗೆ ಅವಳಿಗೆ ಮನೆಗೆಲಸ ಎಷ್ಟೋ ಹಗುರವಾಯಿತು. ಇದು ಉಪಾಯವೆಂದು ಮೇಸ್ತ್ರಿಯ ತಲೆಗೆ ಎಂದೂ ಹೊಳೆಯಲಿಲ್ಲ.

ಜೀವಮಾನವಿಡೀ ಮಂಡಿಯೂರಿ ದುಡಿದ ಫಲವಾಗಿ ಮೇಸ್ತ್ರಿಯ ಮಂಡಿಗಳು ಸವೆದವು. ಕೆಲಸ ಬಿಟ್ಟು ಮನೆಯಲ್ಲಿ ಕುಳಿತ. ಅವನು ಕುಳಿತದ್ದರಿಂದ ಮನೆಯವಳಿಗೆ ನಿಲ್ಲಲೂ ಜಾಗವಿಲ್ಲದಂತಾಯಿತು. ಇಂಥ ಹೊತ್ತಿನಲ್ಲೇ ಪಕ್ಕದ ಬೀದಿಯ ಡ್ರಾಯಿಂಗ್ ಮೇಡಂ ಬಾಗಿಲು ತಟ್ಟಿದ್ದು. ಅವರು ಶಾಲೆಯಿಂದ ನಿವೃತ್ತರಾಗಿ ಬಂದ ಹಣದಲ್ಲಿ ಮಣ್ಣು ಸುಡುವ ಒಂದು ಕರೆಂಟಿನ ಗೂಡು ತಂದು ಕಾರ್ ಶೆಡ್ಡಿನಲ್ಲಿ ಇಟ್ಟುಕೊಂಡಿದ್ದರು. ಬಡಾವಣೆಯ ಧರ್ಮಾಸ್ಪತ್ರೆಯಲ್ಲಿ ಕೈಕಾಲು ಸ್ವಾಧೀನವಿಲ್ಲದವರಿಗೆ ವ್ಯಾಯಾಮ ಮಾಡಿಸುವ ಕೋಣೆ ಬೇಕಾಗಿತ್ತು. ಜನರೇ ಕೈಯಾರೆ ಟೈಲ್ಸ್ ಮಾಡಿ, ಮಾರಿ, ಬಂದದ್ದನ್ನು ಆ ಕೋಣೆಗೆ ಕೊಡುವುದು ಮೇಡಂ ಯೋಜನೆ.

“ನಿಮ್ಮ ಮನೆಯವರನ್ನ ಕರೆಯೋಣ ಅಂತ ಬಂದೆ,” ಎಂದರು ಮೇಡಂ.

“ಅವಳಿಗೇನು ಗೊತ್ತು ಮೇಡಂ? ಟೈಲ್ಸ್ ಅಂದ್ಮೇಲೆ ನಾನೇ ಬರ್ಬೇಕು,” ಎಂದು ಮೇಸ್ತ್ರಿ ಆಗಲೇ ಚಪ್ಪಲಿ ಮೆಟ್ಟಿದ್ದ.

ಹೆಂಡತಿಯೂ ಹಿಂದೆಯೇ ಹೊರಟಳು. ಬೇಡ ಎನ್ನಲು ಅವನಿಗೆ ಕಾರಣ ಸಿಗಲಿಲ್ಲ.

ಶೆಡ್ಡಿನ ಉದ್ದನೆಯ ಮೇಜಿನ ಸುತ್ತ ಬೀದಿಯ ಜನ ಮಣ್ಣು ತಟ್ಟುತ್ತ, ಲಟ್ಟಿಸುತ್ತ, ನಗುತ್ತ ನಿಂತಿದ್ದರು. ಮೇಸ್ತ್ರಿ ನಗಲಿಲ್ಲ. ಎರಡನೆಯ ದಿನ ಮನೆಯಿಂದ ಮರದ ಚೌಕಟ್ಟು ಮಾಡಿ ತಂದ. ಅದರೊಳಗೆ ಮಣ್ಣು ತುಂಬಿ, ಪಟ್ಟಿ ಎಳೆದು, ತಂತಿಯಿಂದ ಕತ್ತರಿಸಿ, ಎಳ್ಳಷ್ಟೂ ಹೆಚ್ಚುಕಡಿಮೆ ಇಲ್ಲದ ಚೌಕಗಳನ್ನು ಸಾಲಾಗಿ ಜೋಡಿಸಿದ. ಮಾರನೆಯ ದಿನ ಬಂದು ನೋಡಿದರೆ ಎಲ್ಲದರ ಮೂಲೆಗಳೂ ಮೇಲೆದ್ದು, ಬಿಸಿಲಿಗೆ ಬಿದ್ದ ಎಲೆಗಳ ಹಾಗೆ ಮುರುಟಿಕೊಂಡಿದ್ದವು. ಅವನು ಟೈಲ್ಸ್ ಕೂರಿಸಿದವನೇ ಹೊರತು ಮಾಡಿದವನಲ್ಲ. ಹಸಿಮಣ್ಣು ಒಣಗುವಾಗ ಕುಗ್ಗುತ್ತದೆ ಎಂದು ಅಲ್ಲಿದ್ದವರಿಗೆಲ್ಲ ಮೇಡಂ ಮೊದಲ ದಿನವೇ ಹೇಳಿದ್ದರು. ಆಗ ಮೇಸ್ತ್ರಿ ಮೇಜಿನ ಕಾಲಿಗೆ ಚಕ್ಕೆ ಕೊಟ್ಟು ಮಟ್ಟ ಮಾಡುತ್ತಿದ್ದ.

“ನಿಧಾನಕ್ಕೆ ಒಣಗಬೇಕು, ಮೇಲೆ ಹಲಗೆ ಹೇರಬೇಕು, ಆಗಾಗ ಮಗುಚಬೇಕು,” ಎಂದರು ಮೇಡಂ.

ಅವನು ಹಟಕ್ಕೆ ಬಿದ್ದ. ಊಟ ಬಿಟ್ಟು ಎದ್ದುಹೋಗಿ ಟೈಲ್ಸ್ ಮಗುಚಿ ಬರುವನು. ಹಸುಗೂಸನ್ನು ನೋಡಿಕೊಂಡ ಹಾಗೆ ನೋಡಿಕೊಂಡ. ಮಗಳು ಹಸುಗೂಸಾಗಿದ್ದಾಗ ಇವರು ಇಷ್ಟು ಸಲ ಎದ್ದದ್ದಿಲ್ಲ ಎಂದು ಹೆಂಡತಿ ಪಕ್ಕದವರಿಗೆ ಹೇಳಿದಳು. ಅಂತೂ ಮಣ್ಣು ಅವನಿಗೆ ಮಣಿಯಿತು. ಟೈಲ್ಸ್ ಚಪ್ಪಟೆಯಾಗಿ, ಚೊಕ್ಕವಾಗಿ, ಒಂದರ ಮೇಲೊಂದು ಇಟ್ಟರೆ ಒಂದೇ ದಿಮ್ಮಿಯಂತೆ ಕಂಡವು.

ಗೆದ್ದವನ ಕೈ ಸುಮ್ಮನಿರಲಿಲ್ಲ. ಉಳಿದವರ ಟೈಲ್ಸ್ ನೋಡಿ ನೋಡಿ ಅವನಿಗೆ ಹಲ್ಲುನೋವು ಬಂದಂತಾಗುತ್ತಿತ್ತು. ಬ್ಯಾಂಕಿನ ಕ್ಯಾಷಿಯರ್ ಒಂದು ಹುಂಜ ಮಾಡಿದ್ದರು. ಅದರ ಬಾಲ ಟೈಲಿನ ಅಂಚು ದಾಟಿ ಹೊರಗೆ ಚಾಚಿತ್ತು. ಮೇಸ್ತ್ರಿ ಚೌಕಟ್ಟು ಇಟ್ಟು ತಂತಿಯಿಂದ ಕುಯ್ದ.

“ನನ್ನ ಹುಂಜದ ಬಾಲ ಎಲ್ರೀ?” ಎಂದು ಕ್ಯಾಷಿಯರ್ ಕೂಗಿದರು.

“ಅಳತೆ ಮೀರಿತ್ತು.”

“ಬಾಲ ಅಂದ್ಮೇಲೆ ಮೀರದೆ ಇರುತ್ತೇನ್ರೀ? ಈಗ ಇದು ಹುಂಜನೂ ಅಲ್ಲ, ಪಾರಿವಾಳನೂ ಅಲ್ಲ!”

ಮೇಡಂ ಅವನಿಗೆ ಮೂಲೆಯಲ್ಲಿ ಬೇರೆ ಮೇಜು ಹಾಕಿಸಿದರು. ತನ್ನ ಕೆಲಸದ ಮೇಲಿನ ಗೌರವಕ್ಕೆ ಹೀಗೆ ಮಾಡಿದ್ದಾರೆ ಎಂದುಕೊಂಡ ಮೇಸ್ತ್ರಿ.

ಹೆಂಡತಿಗೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲ. ಅವಳು ಮಣ್ಣನ್ನು ಅಂಗೈಯಲ್ಲಿ ತಟ್ಟಿ, ಮನೆಯಿಂದ ತಂದ ಒಂದೊಂದು ವಸ್ತುವನ್ನೇ ಒತ್ತಿ ಅಚ್ಚು ಮೂಡಿಸುತ್ತಿದ್ದಳು: ಜರಡಿಯ ತಳ, ಹಳೆಯ ಕೋಟಿನ ಗುಂಡಿ, ಹೆಣೆದ ಕಾಲುಚೀಲ, ಬೀಗದ ಕೈ. ಒಂದು ಟೈಲಿನ ಮೂಲೆ ಇಳಿದಿದ್ದರೆ ಇನ್ನೊಂದರ ಸೊಂಟ ಉಬ್ಬಿತ್ತು.

“ಇದನ್ನ ಟೈಲ್ ಅಂತಾರಾ?” ಎಂದ ಅವನು ಹಾದುಹೋಗುತ್ತ.

“ಅನ್ನದಿದ್ರೆ ಬೇಡ ಬಿಡಿ. ನೀವೇನು ಕೊಳ್ಳಬೇಕಾಗಿಲ್ಲವಲ್ಲ,” ಎಂದಳು ಅವಳು, ತಲೆಯೆತ್ತದೆ.

ಮಾರಾಟ ಶಾಲೆಯ ಸಭಾಂಗಣದಲ್ಲಿ ನಡೆಯಿತು. ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಿಳಿ ಹೊಳಪಿನ ಚೌಕಗಳನ್ನು ಗೋಪುರದಂತೆ ಪೇರಿಸಿಕೊಂಡು ಕುಳಿತ. ಹೆಂಡತಿಗೆ ಜಾಗ ಸಿಕ್ಕಿದ್ದು ಕಕ್ಕಸಿಗೆ ಹೋಗುವ ಬಾಗಿಲ ಬಳಿ. ಪಾಪ, ನನ್ನದು ಬೇಗ ಖಾಲಿಯಾದರೆ ಅವಳದನ್ನೂ ಇಟ್ಟುಕೊಂಡು ಮಾರಿಕೊಡೋಣ ಎಂದು ಅವನು ದೊಡ್ಡ ಮನಸ್ಸು ಮಾಡಿದ್ದ.

ಔಷಧಿ ಅಂಗಡಿಯ ಒಡತಿ ಬಂದಳು. ಒಂದು ಟೈಲ್ ಎತ್ತಿ, ಕನ್ನಡಕ ಸರಿಮಾಡಿಕೊಂಡು, ಹಿಂದೆ ಮುಂದೆ ತಿರುಗಿಸಿದಳು.

“ಇದು ಅಂಗಡೀದಲ್ವಾ?”

“ಕೈಯಲ್ಲಿ ಮಾಡಿದ್ದಮ್ಮಾ.”

“ಕೈ ಎಲ್ಲೂ ಕಾಣ್ತಾ ಇಲ್ಲವಲ್ಲ?”

ಮೇಸ್ತ್ರಿಗೆ ಹಿಗ್ಗಬೇಕೋ ಕುಗ್ಗಬೇಕೋ ತಿಳಿಯಲಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಅವನನ್ನು ಇಷ್ಟು ಹೊಗಳಿರಲಿಲ್ಲ; ಅವಳು ಹೊಗಳುತ್ತಿರಲಿಲ್ಲ ಎಂಬುದೊಂದೇ ತೊಡಕು. ಅವಳು ನೇರವಾಗಿ ಮೇಡಂ ಬಳಿಗೆ ಹೋಗಿ, ಧರ್ಮದ ಹೆಸರಿನಲ್ಲಿ ಯಾರೋ ಫ್ಯಾಕ್ಟರಿ ಮಾಲು ತಂದು ಮಾರುತ್ತಿದ್ದಾರೆ ಎಂದು ದೂರು ಕೊಟ್ಟಳು. ಮೇಡಂ ಓಡಿಬಂದು, ಒಂದು ರಟ್ಟಿನ ಮೇಲೆ ‘ಇವೂ ಕೈಯಿಂದಲೇ ಮಾಡಿದವು’ ಎಂದು ಬರೆದು ಅವನ ಮುಂದೆ ನಿಲ್ಲಿಸಿದರು. ಅಲ್ಲಿಯವರೆಗೆ ಅನುಮಾನಪಡದಿದ್ದವರೂ ಅದನ್ನು ಓದಿದ ಮೇಲೆ ಅನುಮಾನಪಡತೊಡಗಿದರು. ಕ್ಯಾಷಿಯರ್ ತಮ್ಮ ಬಾಲವಿಲ್ಲದ ಹುಂಜವನ್ನು ಮಾರಿ, ಎದುರಿಗೇ ಕುಳಿತು ನಗುತ್ತಿದ್ದರು.

ಅತ್ತ ಕಕ್ಕಸಿನ ಬಾಗಿಲ ಬಳಿ ಜನ ಮುಗಿಬಿದ್ದಿದ್ದರು. ಯಾರಿಗೆ ಏನು ಅವಸರವೋ ಎಂದು ಮೇಸ್ತ್ರಿ ಬಗ್ಗಿ ನೋಡಿದ. ಅವಸರ ಹೆಂಡತಿಯ ಟೈಲ್ಸಿಗೆ. ಮಧ್ಯಾಹ್ನದ ಹೊತ್ತಿಗೆ ಅವಳ ಮೇಜಿನ ಮೇಲೆ ಬರೀ ಬಟ್ಟೆ ಉಳಿದಿತ್ತು. ಅವನ ಗೋಪುರದಿಂದ ಒಂದು ಕಲ್ಲೂ ಕದಲಿರಲಿಲ್ಲ. ಅವನದನ್ನೂ ಮಾರಿಕೊಡಲೇ ಎಂದು ಅವಳು ಕೇಳಿದಳು. ನಿಜವಾಗಿಯೂ ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಮುಂದಿನ ವಾರವೆಲ್ಲ ಮೇಸ್ತ್ರಿ ಸೊಟ್ಟ ಟೈಲ್ಸ್ ಮಾಡಲು ಕುಳಿತ. ಸೊಟ್ಟ ಮಾಡುವುದೇನು ಮಹಾ! ಆದರೆ ಅವನ ಕೈಗೆ ಆ ದಾರಿಯೇ ಗೊತ್ತಿರಲಿಲ್ಲ. ಕೊನೆಗೆ ಎಷ್ಟು ಸೊಟ್ಟವಿರಬೇಕು ಎಂದು ಗುರುತು ಹಾಕಿಕೊಂಡು, ಅದಕ್ಕೆ ತಕ್ಕ ಓರೆ ಚೌಕಟ್ಟೊಂದನ್ನು ಮಾಡಿದ. ಆವತ್ತು ಸಂಜೆ ಹೆಂಡತಿ ಶೆಡ್ಡಿಗೆ ಬಂದಾಗ ಸೊಟ್ಟ ಟೈಲ್ಸ್ ಶಿಸ್ತಾಗಿ ಸಾಲು ನಿಂತಿದ್ದವು, ಎಲ್ಲವೂ ಒಂದೇ ಕಡೆಗೆ, ಒಂದೇ ಅಳತೆಗೆ ವಾಲಿಕೊಂಡು. ಅವಳು ಬಾಯಿಗೆ ಸೆರಗು ಹಿಡಿದಳು. ತಡೆಯಲಾಗದೆ ಮಣ್ಣಿನ ಚೀಲದ ಮೇಲೆ ಕುಸಿದು, ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಅವಳಿಗೆ ಹೀಗೆ ನಗು ಬರುತ್ತದೆ ಎನ್ನುವುದೇ ಅವನಿಗೆ ಮರೆತುಹೋಗಿತ್ತು. ಸಿಟ್ಟು ಮಾಡಿಕೊಳ್ಳಬೇಕೆಂದು ಬಾಯಿ ತೆರೆದವನು, ಇನ್ನೊಂದಿಷ್ಟು ನಗಲಿ ಎಂದು ಸುಮ್ಮನೆ ನಿಂತ.

ಅವನ ಬಿಳಿ ಚೌಕಗಳನ್ನು ಮೇಡಂ ಆಸ್ಪತ್ರೆಯ ಹೊಸ ಕೋಣೆಯ ಕೈತೊಳೆಯುವ ಜಾಗಕ್ಕೆ ಕೊಟ್ಟುಬಿಟ್ಟರು. ಬಾಗಿಲ ಪಕ್ಕದಲ್ಲಿ ದಾನಿಗಳ ಹೆಸರಿನ ಫಲಕ ಬಂತು. ಅದರಲ್ಲಿ ಹೆಂಡತಿಯ ಹೆಸರು ಎರಡನೆಯದು. ಅದರ ಮುಂದೆ ಸಣ್ಣ ಅಕ್ಷರದಲ್ಲಿ ‘ಮತ್ತು ಪತಿ’ ಎಂದಿತ್ತು. ಮೇಸ್ತ್ರಿ ಫಲಕವನ್ನು ತುಂಬ ಹೊತ್ತು ನೋಡಿದ. ಮೊಳೆ ಹೊಡೆದದ್ದು ಸರಿಯಾಗಿತ್ತು. ನೇರ ಮಾಡಲು ಏನೂ ಉಳಿದಿರಲಿಲ್ಲ.

ಹೀಗಿರುವಾಗ ಔಷಧಿ ಅಂಗಡಿಯ ಒಡತಿ ಮನೆಬಾಗಿಲಿಗೆ ಬಂದಳು. ಅಡುಗೆಮನೆಯ ಒಲೆಯ ಹಿಂದಿನ ಗೋಡೆಗೆಂದು ಅವಳು ಹೆಂಡತಿಯ ಟೈಲ್ಸನ್ನೇ ರಾಶಿ ಕೊಂಡಿದ್ದಳು. ಒಂದರ ಅಂಚಿಗೆ ಇನ್ನೊಂದು ಕೂಡುವುದಿಲ್ಲವೆಂದು ಯಾವ ಕೆಲಸಗಾರನೂ ಒಪ್ಪುತ್ತಿರಲಿಲ್ಲ.

“ನಮ್ಮನೆಯವರು ಮಾಡ್ತಾರೆ,” ಎಂದಳು ಹೆಂಡತಿ. “ಕೂಲಿ ಆಸ್ಪತ್ರೆ ಹುಂಡಿಗೆ ಹಾಕಿಬಿಡಿ.”

“ನನ್ನನ್ನ ಒಂದು ಮಾತು ಕೇಳ್ಬಾರ್ದಾ?” ಎಂದ ಮೇಸ್ತ್ರಿ, ಒಡತಿ ಹೋದ ಮೇಲೆ.

“ಕೇಳಿದ್ರೆ ಬೇಡ ಅಂತಿದ್ರಿ.”

ನಿಂತೇ ಮಾಡುವ ಕೆಲಸವಾದ್ದರಿಂದ ಮಂಡಿಯ ನೆಪವೂ ಉಳಿದಿರಲಿಲ್ಲ. ಒಡತಿಯ ಅಡುಗೆಮನೆಯಲ್ಲಿ ಅವನು ಗೋಡೆಗೆ ಗಾರೆ ಬಳಿದ, ಅವಳು ಟೈಲ್ ಆರಿಸಿ ಕೊಟ್ಟಳು. ದಾರ ಕಟ್ಟಿದರೆ ದಾರಕ್ಕೆ ಸಿಗುವುದಿಲ್ಲ, ಅಳತೆ ಹಿಡಿದರೆ ಅಳತೆಗೆ ಸಿಗುವುದಿಲ್ಲ.

“ಎಷ್ಟು ಸಂದಿ ಬಿಡ್ಲಿ?”

“ಕಣ್ಣಿಗೆ ಒಪ್ಪಿದಷ್ಟು.”

ಕಣ್ಣಿಗೆ ಒಪ್ಪಿದಷ್ಟು ಎಂದರೆಷ್ಟು ಎಂದು ಜಗಳ ಶುರುಮಾಡಬಹುದಿತ್ತು, ಆದರೆ ಗಾರೆ ಗಟ್ಟಿಯಾಗುತ್ತಿತ್ತು. ಅವನು ಒಂದು ಕಣ್ಣು ಮುಚ್ಚಿ ಮೊದಲನೆಯದನ್ನು ಒತ್ತಿದ. ಎರಡನೆಯದಕ್ಕೆ ಸ್ವಲ್ಪ ಧೈರ್ಯ ಬಂತು. ಜರಡಿಯ ಪಕ್ಕ ಬೀಗದ ಕೈ, ಅದರ ಕೆಳಗೆ ಕಾಲುಚೀಲ. ಹೊತ್ತು ಇಳಿಯುವಾಗ ಅವನು ಸಿಳ್ಳೆ ಹಾಕುತ್ತಿದ್ದ. ಒಡತಿ ಬಂದು ನೋಡಿ, ಗಲ್ಲಕ್ಕೆ ಕೈ ಹಚ್ಚಿ, “ಎಷ್ಟು ಜೀವ ಇದೆ ನೋಡಿ!” ಎಂದಳು. ಅವನ ಕೆಲಸದಲ್ಲಿ ಜೀವವಿದೆ ಎಂದು ಅಲ್ಲಿಯತನಕ ಯಾರೂ ಹೇಳಿರಲಿಲ್ಲ. ಮೇಸ್ತ್ರಿ ನಾಚಿಕೊಂಡು ಕೈ ತೊಳೆಯಲು ಹೋದ.

ಮನೆಗೆ ನಡೆದು ಬರುವಾಗ ಹೆಂಡತಿ ಹಿಂದೆ ಹಿಂದೆಯೇ ಬರುತ್ತಿದ್ದಳು. ಬೀದಿಯ ತಿರುವಿನಲ್ಲಿ ನಿಂತೇಬಿಟ್ಟಳು.

“ರೀ, ಮೂರನೇ ಸಾಲು ಬಲಗಡೆಗೆ ಸ್ವಲ್ಪ ಇಳಿದಿದೆ ಅನ್ಸುತ್ತೆ.”

“ಇರ್ಲಿ ಬಿಡೇ, ಏನಾಯ್ತೀಗ.”

“ಏನಾಯ್ತಾ? ಆಯಮ್ಮ ದಿನಾ ಅದನ್ನೇ ನೋಡ್ಕೊಂಡು ಅಡುಗೆ ಮಾಡ್ಬೇಕು. ಗಾರೆ ಇನ್ನೂ ಹಸಿ ಇರುತ್ತೆ. ಬನ್ನಿ, ಸರಿಮಾಡಿ ಬಂದುಬಿಡೋಣ.”

“ಮಂಡಿ ನೋವು ಕಣೇ,” ಎಂದ ಮೇಸ್ತ್ರಿ. ಅವಳು ಆಗಲೇ ಹಿಂದಕ್ಕೆ ತಿರುಗಿ ಬಿರಬಿರನೆ ನಡೆಯತೊಡಗಿದ್ದಳು.