ಬಾಗಿಲ ಕಾಯುವ ಕುರಿಗಾರ

ಡೊಳ್ಳು ತೊಗೊಂಡು ಗುಡಿಗೆ ಬಾ ಎಂದು ಪೂಜಾರಿ ಹಣಮಂತಪ್ಪ ಹೇಳಿಕಳಿಸಿದಾಗ ಸುಗಲಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಯಾಕೆ ಎಂದು ಕೇಳಲಿಲ್ಲ. ಕೇಳುವುದೇನಿತ್ತು. ಗಂಡ ಸತ್ತ ಮನೆಯಿಂದ ಡೊಳ್ಳು ಗುಡಿಗೆ ಹೋದರೆ ತಿರುಗಿ ಬರುವುದು ಕಷ್ಟ. ಹಂಚಿನ ಮೇಲಿನ ರೊಟ್ಟಿ ಸೀದು ಕರಿಯಾಯಿತು. ತೆಗೆದು ನಾಯಿಗೆ ಹಾಕಿದಳು.

ಕುರಿಗಾರರ ದೇವರು ಬೀರೋಬಾನ ಡೊಳ್ಳು ಅವಳ ಗಂಡ ಅಮೋಗಸಿದ್ಧನ ಮನೆತನದ್ದು. ಮಾವ ಬಾರಿಸಿದ್ದ, ಮಾವನ ಅಪ್ಪ ಬಾರಿಸಿದ್ದ. ಡೊಳ್ಳು ಇರುವ ಮನೆಗೆ ಒಂದು ಪದವೂ, ಅಂದರೆ ಹಾಡೂ, ಇರುತ್ತದೆ. ಅದಕ್ಕೆ ಮೂಲ ಪದ ಅನ್ನುತ್ತಾರೆ. ದೇವರು ಎಲ್ಲಿಂದ ಬಂದ, ಯಾರ ಮಾತು ಕೇಳಿ ಈ ದಿನ್ನೆಯ ಮೇಲೆ ನಿಂತ, ಎಲ್ಲ ಅದರೊಳಗೆ ಇದೆಯಂತೆ. ಗುಡಿಯ ಬಾಗಿಲು ಹಾಕಿಕೊಂಡು ಹಾಡುತ್ತಾರೆ. ಹೆಂಗಸರು ಕೇಳುವಂತಿಲ್ಲ. ಕಲಿಯುವವನು ಮುಷ್ಟಿಯಲ್ಲಿ ಭಂಡಾರ ಹಿಡಿದು, ಹೊರಗೆ ಬಾಯಿ ಬಿಡುವುದಿಲ್ಲ ಎಂದು ಆಣೆ ಮಾಡುತ್ತಾನೆ. ಆ ಅರಿಷಿಣ ಪುಡಿ ಬೆವರಿಗೆ ಅಂಗೈಯ ಗೆರೆಗಳಲ್ಲಿ ಕೂಡುತ್ತದೆ, ತೊಳೆದರೂ ಬೇಗ ಹೋಗುವುದಿಲ್ಲ. ಆಣೆ ಮುರಿದರೆ ಡೊಳ್ಳು ಆ ಮನೆ ಬಿಡುತ್ತದೆ.

ಅಮೋಗಸಿದ್ಧ ಆಣೆ ಮುರಿದ ಎಂದು ಸುದ್ದಿ ಹಬ್ಬಿಸಿದವನು ತುಕಾರಾಮ. ಗಂಡನ ಕಾಕಾನ ಮಗ, ಅವಳನ್ನು ವೈನಿ ಎನ್ನುವ ಮೈದುನ. ಕುರಿ ಬಿಟ್ಟು ಬಹಳ ವರ್ಷದ ಹಿಂದೆಯೇ ಸೊಲ್ಲಾಪುರ ಸೇರಿ ಆಟೋ ಓಡಿಸುತ್ತಿದ್ದ. ಆಟೋ ಸ್ಟ್ಯಾಂಡಿನಲ್ಲಿ ಮೊಬೈಲ್ ನೋಡುತ್ತ ಕುಳಿತಾಗ ಆ ವಿಡಿಯೋ ಅವನ ಕಣ್ಣಿಗೆ ಬಿತ್ತು. ಪುಣೆಯ ಯಾವನೋ ಹುಡುಗ ಒಂದು ಮೊಬೈಲ್ ಆಟ ಆಡುತ್ತ ಮರಾಠಿಯಲ್ಲಿ ಹೇಳುತ್ತಿದ್ದ: ಕೋಟೆಯ ಬಾಗಿಲಲ್ಲಿ ಒಬ್ಬ ಕುರಿಗಾರ ನಿಂತಿದ್ದಾನೆ, ಅವನನ್ನು ಹೊಡೆದರೆ ಕುರಿಗಾರರ ದೇವರ ಗುಪ್ತ ಮಂತ್ರ ಹೇಳುತ್ತಾನೆ, ಮುಂದಿನದನ್ನು ನೀವೇ ಆಡಿ ಕೇಳಿ. ಅಲ್ಲಿಗೆ ವಿಡಿಯೋ ಮುಗಿಯುತ್ತಿತ್ತು. ಕುರಿಗಾರನ ದನಿ ಅಮೋಗಸಿದ್ಧನದು.

ಸುಳ್ಳೇನಲ್ಲ. ದನಿ ಅವನದೇ.

ಅವನು ಓದಿದವನಲ್ಲ. ಮದುವೆಯಾದ ಹೊಸತರಲ್ಲಿ ಸುಗಲಾಬಾಯಿಯೂ ಅವನೂ ಕುರಿ ಹಿಂದೆ ಭೀಮೆಯ ದಂಡೆತನಕ ನಡೆದವರು. ಮಾತು ಕಡಿಮೆ. ಹಾಡಿದರೆ ಮಾತ್ರ ಎದೆ ನಡುಗುವಂಥ ದನಿ. ಅಕ್ಕಲಕೋಟದಲ್ಲಿ ಡೊಳ್ಳಿನ ಪದ ಹಾಡುವಾಗ ಅದನ್ನು ಕೇಳಿ ಇಂಥ ಮೊಬೈಲ್ ಆಟ ತಯಾರಿಸುವ ಇಬ್ಬರು ಹುಡುಗರು ಹಿಂದೆ ಬಿದ್ದರು. ನಮ್ಮ ಆಟದಲ್ಲಿ ಬಾಗಿಲ ಕಾಯುವವನಿದ್ದಾನೆ, ಅವನ ಮಾತು ನೀವು ಆಡಬೇಕು ಎಂದರು. ಅವರು ಮರಾಠಿಯಲ್ಲಿ ಓದಿ ಹೇಳಿದ್ದನ್ನು ಇವನು ತನ್ನ ಕನ್ನಡದಲ್ಲಿ ತನಗೆ ತಿಳಿದಂತೆ ಆಡಿದ. ಅವರಿಗೆ ಕನ್ನಡ ಬರುತ್ತಿರಲಿಲ್ಲ. ದನಿ ಛಲೋ ಬಂತು, ಅಷ್ಟು ಸಾಕಾಯಿತು.

ಆವತ್ತು ಸುಗಲಾಬಾಯಿ ಸೊಲ್ಲಾಪುರದಲ್ಲಿ ದನಿ ರೆಕಾರ್ಡ್ ಮಾಡುವ ಖೋಲಿಯ ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದಳು. ಆಜೂಬಾಜೂ ಪವರ್‌ಲೂಮಿನ ಸಪ್ಪಳ, ಒಳಗಿನದು ಏನೂ ಕೇಳಲಿಲ್ಲ. ನಡುವೆ ಒಮ್ಮೆ ಅವನು ಹೊರಗೆ ಬಂದು ಚಹಾ ಕುಡಿದ. ಬೆವತಿದ್ದ.

“ಗುಪ್ತ ಮಂತ್ರ ಬೇಕಂತ ಅವರಿಗೆ” ಎಂದ.

“ನೀವೇನಂದ್ರಿ?”

“ಚಹಾ ಕುಡದ ಬರ್ತೀನಿ ಅಂದೆ.”

ಕಪ್ಪು ಕೆಳಗಿಟ್ಟು ಒಳಗೆ ಹೋದ. ಕೆಲಸ ಮುಗಿಸಿ ಬರುವಾಗ ಒಬ್ಬನೇ ನಗುತ್ತಿದ್ದ. ಯಾಕೆ ಎಂದರೆ, “ಏನಿಲ್ಲ. ನಮ್ಮ ಕುರಿ ನೆನಪಾದವು” ಎಂದ. ಅವಳು ಬಸ್ಸಿನ ಚಿಂತೆಯಲ್ಲಿದ್ದಳು, ಮುಂದೆ ಕೇಳಲಿಲ್ಲ. ಆಟ ಹೊರಗೆ ಬರುವುದರೊಳಗೆ ಅವನು ಮಣ್ಣಾಗಿದ್ದ. ಎದೆ ಹಿಡಿದುಕೊಂಡು ಕುಳಿತವನು ಏಳಲೇ ಇಲ್ಲ.

ಮಗಳು ಮನೀಷಾ ಸೊಲ್ಲಾಪುರದ ಹತ್ತಿರ ಚಿಂಚೋಳಿ ಎಂಐಡಿಸಿಯ ಕಾರ್ಖಾನೆಗಳ ಕಡೆ ಗೋದಾಮಿನ ಕೆಲಸಕ್ಕೆ ಹೋಗುತ್ತಾಳೆ. ಅವಳು ಆ ಆಟ ಮೊಬೈಲಿಗೆ ಹಾಕಿಕೊಂಡಿದ್ದಳು. ಅಪ್ಪನ ಮುಂದೆ ಹೋಗಿ ನಿಲ್ಲುವುದು, ಮಾತಾಡಿಸುವುದು, ಬಂದುಬಿಡುವುದು. ಆದರೆ ಒಮ್ಮೆಯೂ ಹೊಡೆದಿರಲಿಲ್ಲ. ಅವನು ಏನು ಹೇಳುತ್ತಾನೋ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸುಗಲಾಬಾಯಿಯನ್ನು ಒಳಗೊಳಗೇ ತಿನ್ನುತ್ತಿದ್ದದ್ದು ಅದೇ. ಅವರು ಹೇಳುವವರಲ್ಲ ಎಂದು ಎದೆ ಹೇಳುತ್ತಿತ್ತು. ಹೇಳಿದ್ದರೆ ಎಂದು ಹೊಟ್ಟೆ ಕೇಳುತ್ತಿತ್ತು. ಮೂಲ ಪದ ಅವಳು ಕೇಳಿದವಳಲ್ಲ. ಕೇಳಿದರೂ ಇದು ಅದೇ ಎಂದು ಹೇಗೆ ತಿಳಿಯಬೇಕು.

ಡೊಳ್ಳನ್ನು ಮನೀಷಾ ಹೆಗಲಿಗೆ ಹಾಕಿಕೊಂಡಳು. ಮಧ್ಯಾಹ್ನದ ಬಿಸಿಲಿಗೆ ಗುಡಿಯ ಕಟ್ಟೆ ಕಾದಿತ್ತು. ಹಣಮಂತಪ್ಪ ಒಳಗೆ ನೆರಳಲ್ಲಿ ಕಂಬಳಿ ಹಾಸಿ ಕುಳಿತಿದ್ದ. ಮುಂದೆ ಭಂಡಾರದ ತಟ್ಟೆ. ತುಕಾರಾಮ ಕಂಬಕ್ಕೆ ಒರಗಿ ನಿಂತಿದ್ದ, ಖಾಕಿ ಅಂಗಿಯಲ್ಲೇ.

“ಬಾ ಸುಗಲವ್ವ, ಕೂಡು” ಎಂದ ಹಣಮಂತಪ್ಪ.

“ಕೂಡ್ತೀನ್ರಿ. ಡೊಳ್ಳು ಮಗಳ ಹೆಗಲಮ್ಯಾಲೇ ಇರ್ಲಿ.”

ತುಕಾರಾಮ ನಕ್ಕ. “ಇಳಸಾಕ ಮನಸ್ಸಿಲ್ಲ ವೈನಿಗೆ.”

“ನಿನ್ನ ಮನಸ್ಸಿಗೆ ಬಂದ್ರ ಆತಲ್ಲ” ಎಂದಳು ಸುಗಲಾಬಾಯಿ. “ಕುರಿ ಹಿಕ್ಕಿ ನಾರತಾವಂತ ಊರ ಬಿಟ್ಟಾವ ನೀ. ಡೊಳ್ಳಿನ ತೊಗಲೂ ಕುರೀದೇ ಐತಿ.”

“ಜಗಳಾ ಬ್ಯಾಡ” ಎಂದ ಹಣಮಂತಪ್ಪ. “ಮಂದಿ ಮಾತು ಕೇಳಿ ಸತ್ತಾವನ ಮ್ಯಾಲ ನಾ ಹೊರಿ ಹೊರಸಂಗಿಲ್ಲ. ಆ ಆಟ ತಗೀರಿ. ಮೂಲ ಪದ ನನಗ ಬರ್ತದ. ಅದೇ ಹೌದೋ ಅಲ್ಲೋ ನಾ ಹೇಳ್ತೀನಿ. ಅದೇ ಇದ್ರ ಡೊಳ್ಳು ಇಲ್ಲೇ ಉಳೀತದ. ಆಮ್ಯಾಲ ತುಕಾರಾಮನ ಮನಿಗೆ ಹೋಗ್ತದ. ಅಲ್ಲಂದ್ರ ನಿಮ್ಮ ಮನಿಗೇ. ಒಪ್ಪಿಗಿ ಏನು?”

“ಒಪ್ಪಿಗಿ” ಎಂದಳು.

ಮನೀಷಾ ಮೊಬೈಲನ್ನು ಭಂಡಾರದ ತಟ್ಟೆಗೆ ಒರಗಿಸಿ ನಿಲ್ಲಿಸಿದಳು. ಕೋಟೆ, ಮುಳ್ಳುಕಂಟಿ, ಬಾಗಿಲು. ಬಾಗಿಲಲ್ಲಿ ಕಂಬಳಿ ಹೊದ್ದ ಮನುಷ್ಯ. ಮುಖ ಅಮೋಗಸಿದ್ಧನದಲ್ಲ. ಮೀಸೆ ದೊಡ್ಡದು. ಆದರೆ ದನಿ ಬಂದ ಕೂಡಲೇ ಹಣಮಂತಪ್ಪ ಸರಕ್ಕನೆ ಹಿಂದೆ ಸರಿದ.

“ನಿಲ್ರಿ. ಕಾಲಾಗಿನ ಚಪ್ಪಲಿ ಅಲ್ಲೇ ಬಿಡ್ರಿ.”

ಹಣಮಂತಪ್ಪನಿಗೆ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ. ಕುರಿಗಾರನಿಗೆ ಕೇಳಬಹುದಾದ ಮಾತುಗಳು ಮೊಬೈಲಿನ ಮೇಲೆ ಸಾಲಾಗಿ ಮೂಡಿದವು.

“ಬಂಗಾರ ಕೊಡತೀನಿ ಅಂತ ಒತ್ತು” ಎಂದ ತುಕಾರಾಮ. ಮನೀಷಾ ಒತ್ತಿದಳು.

“ಕುರಿ ಬಂಗಾರ ತಿನ್ನಂಗಿಲ್ಲರಿ” ಎಂದ ಕುರಿಗಾರ.

“ಅರಸ ಸತ್ತಾನ, ಬಾಗಲಾ ತಗಿ ಅಂತ ಒತ್ತು.”

“ಅರಸ ಸತ್ತಿದ್ದು ನನಗೂ ಗೊತ್ತೈತಿ. ಸತ್ತಾವ ಬಂದು ಬಿಡೋ ಅನ್ನೂತನಕಾ ಬಾಗಲಾ ನಂದು.”

ಈ ಮಾತು ಸುಗಲಾಬಾಯಿ ಮನೆಯಲ್ಲಿ ಮಗಳ ಮೊಬೈಲಿನಿಂದ ಎಷ್ಟೋ ಸಲ ಕೇಳಿದ್ದಳು.

“ಗುಟ್ಟು ಕೇಳು” ಎಂದ ಹಣಮಂತಪ್ಪ.

“ಅದು ನನ್ನ ಮಾತಲ್ಲ. ನನ್ನ ಕೈಯಾಗ ಇಟ್ಟ ಮಾತು. ಇಟ್ಟಾವರನ್ನ ಕೇಳ್ರಿ” ಎಂದ ಕುರಿಗಾರ.

“ನೋಡ್ರಿ” ಎಂದಳು ಮನೀಷಾ. “ಹೇಳ್ಯಾನೇನು? ಸಾಕಲ್ಲ?”

“ಸಾಕಾಗಂಗಿಲ್ಲ” ಎಂದ ತುಕಾರಾಮ. “ಬಂಗಾರಕ್ಕ ಬಗ್ಗಲಿಲ್ಲ, ಖರೆ. ಹೊಡತಕ್ಕ ಬಗ್ಗ್ಯಾನ. ವಿಡಿಯೋದಾಗ ನೋಡೀನಿ. ಹೊಡಿ.”

“ಅಪ್ಪಾಗ ನಾ ಹೊಡಿಯಂಗಿಲ್ಲ ಕಾಕಾ.”

“ತಾ ಇಲ್ಲಿ, ನಾ ಹೊಡಿತೀನಿ.”

ಅವನು ಕೈ ಚಾಚಿದ. ಸುಗಲಾಬಾಯಿ ನಡುವೆ ಬಂದಳು. “ಅವರ ಮೈಮ್ಯಾಲ ನೀ ಕೈ ಮಾಡಬ್ಯಾಡ. ನಾನ ಹೊಡಿತೀನಿ.”

ಕತ್ತಿಯ ಗುರುತು ಎಲ್ಲಿದೆ ಎಂದು ಮನೀಷಾ ತೋರಿಸಿದಳು. ಸುಗಲಾಬಾಯಿ ಬೆರಳಿಟ್ಟಳು. ಏನೂ ಆಗಲಿಲ್ಲ. ಉಣ್ಣೆ ನೂತು ನೂತು ಬೆರಳ ತುದಿ ಕಲ್ಲಾಗಿತ್ತು. ಮೊಬೈಲಿಗೆ ಅದು ಬೆರಳೆಂದು ತಿಳಿಯಲಿಲ್ಲ. ಮತ್ತೆ ಒತ್ತಿದಳು. ಕುರಿಗಾರ ಹಾಗೇ ನಿಂತಿದ್ದ, ಅವಳನ್ನೇ ನೋಡುವಂತೆ.

“ದೇವರಿಗೂ ಮನಸ್ಸಿಲ್ಲ” ಎಂದಳು ಮನೀಷಾ.

ಸುಗಲಾಬಾಯಿ ಬೆರಳನ್ನು ನಾಲಿಗೆಗೆ ತಾಗಿಸಿ ಸೆರಗಿಗೆ ಒರೆಸಿ ಒತ್ತಿದಳು. ಕತ್ತಿಯ ಏಟು ಬಿತ್ತು.

“ಹೊಡದ್ಯಾ?” ಎಂದ ಕುರಿಗಾರ. ದನಿಯಲ್ಲಿ ಸಿಟ್ಟಿರಲಿಲ್ಲ. ಅವಳಿಗೆ ಕೈ ಹಿಂದೆ ತೆಗೆದುಕೊಳ್ಳಬೇಕೆನಿಸಿತು. ತುಕಾರಾಮ, “ಇನ್ನೊಮ್ಮಿ” ಎಂದ. ಅವಳು ಹೊಡೆದಳು. ಕಂಬಳಿ ಜಾರಿತು. ಮತ್ತೆ ಹೊಡೆದಳು. ಅವನು ಮೊಣಕಾಲೂರಿದ.

“ಆತು. ಹೇಳತೀನಿ. ಕೇಳ್ರಿ.”

ಆಟ ಅಲ್ಲಿ ನಿಂತಿತು. ಮುಂದೆ ಹೋಗಲು ಒತ್ತಿರಿ ಎಂಬ ಗುರುತು ಮಿಣುಕುತ್ತಿತ್ತು. ವಿಡಿಯೋ ಮುಗಿದದ್ದೂ ಇಲ್ಲಿಯೇ.

ಹಣಮಂತಪ್ಪ ಕೈ ಎತ್ತಿದ. “ಹೆಂಗಸರು ಹೊರಗ ಹೋಗ್ರಿ. ಅದೇ ಪದ ಇದ್ರ ನೀವು ಕೇಳಬಾರದು.”

ಹೊರಗೆ ಬೇವಿನ ಗಿಡದಲ್ಲಿ ಕಾಗೆ ಕೂಗುತ್ತಿತ್ತು. ಮನೀಷಾ ಎದ್ದು ನಿಂತಳು. ಸುಗಲಾಬಾಯಿ ಏಳಲಿಲ್ಲ.

“ಮುತ್ಯಾ” ಎಂದಳು. “ಅದೇ ಪದ ಇದ್ರ ಪುಣೆ ಮಂದಿ ಎಲ್ಲಾ ಕೇಳ್ಯಾರ. ಕುಂತಲ್ಲಿ, ನಿಂತಲ್ಲಿ, ಚಪ್ಪಲಿ ಹಾಕ್ಕೊಂಡು ಕೇಳ್ಯಾರ. ಹೊಡದಾಕಿ ನಾನು. ಹೊರಗ ಹೋಗಿ ನಿಲ್ಲಬೇಕೇನು? ಅವರು ಸಾಯುವಾಗ ನಾ ನೀರು ತರಾಕ ಒಳಗ ಹೋಗಿದ್ದೆ. ಬರೂದರಾಗ ಮಾತು ನಿಂತಿತ್ತು. ಇವತ್ತು ಏಳಂಗಿಲ್ಲ.”

ಹಣಮಂತಪ್ಪ ಅವಳ ಮುಖ ನೋಡಿದ. ಆಮೇಲೆ ಗುಡಿಯ ಒಳಗೆ ನೋಡಿದ. ಎತ್ತಿದ ಕೈ ಹಾಗೇ ತೊಡೆಯ ಮೇಲೆ ಇಳಿಯಿತು. “ಒತ್ತು” ಎಂದ.

ಅವಳೇ ಒತ್ತಿದಳು.

ದನಿ ಎಲ್ಲೋ ಬಾವಿಯೊಳಗಿಂದ ಬಂದಂತೆ ಬಂತು. ಹಿಂದೆ ಡೊಳ್ಳಿನ ಸಪ್ಪಳ ಕೂಡಿಸಿದ್ದರು. ಒಂದೊಂದೇ ಮಾತು, ತೂಗಿ ತೂಗಿ.

“ಕೆಂಚೀ... ಬೋರೀ... ಚಿಕ್ಕೀ... ಮೋಟಗಿವೀ...”

ಹಣಮಂತಪ್ಪ ಹುಬ್ಬು ಗಂಟಿಕ್ಕಿದ. ತುಕಾರಾಮ ಮೊಬೈಲಿನ ಮೇಲೆ ಬಾಗಿದ. ಸುಗಲಾಬಾಯಿಯ ಕೈ ಬಾಯಿಗೆ ಹೋಯಿತು.

“ಹಂಡೀ... ಬಿಳಿಗಾಲೀ... ಜೋಡಮರಿ ತಾಯೀ...”

ಅವಳ ಕುರಿಗಳು. ಮದುವೆಯ ಮೊದಲ ವರ್ಷದ ಕುರಿಗಳು. ಸಂಜೆ ಹಟ್ಟಿಯ ಬಾಗಿಲಲ್ಲಿ ಅವನು ನಿಂತು ಹೀಗೇ ಕರೆಯುತ್ತಿದ್ದ. ಒಂದೊಂದೇ ಒಳಗೆ ಬರುತ್ತಿದ್ದವು. ಇವಳು ಬೆನ್ನು ಮುಟ್ಟಿ ಎಣಿಸುತ್ತಿದ್ದಳು. ಯಾವುದರ ಹಿಂದೆ ಯಾವುದು ಎಂದು ಅವಳಿಗೆ ಬಾಯಿಪಾಠ. ಬಿಳಿಗಾಲಿಯ ಹಿಂದೆ ಜೋಡಮರಿ ತಾಯಿ. ಎಲ್ಲಕ್ಕೂ ಕೊನೆಗೆ ಕುಂಟಿ. ಕುಂಟಿ ನಡೆಯಲಾರದು, ಅದನ್ನು ಸುಗಲಾಬಾಯಿಯೇ ಎತ್ತಿಕೊಂಡು ಬರಬೇಕಿತ್ತು. ಕತ್ತಲಾದರೆ ಅವನಿಗೆ ಕಾಣುತ್ತಿರಲಿಲ್ಲ, ದಿನಾ ಕೂಗಿ ಕೇಳುತ್ತಿದ್ದ.

“ಕುಂಟೀ...” ಎಂದ ಕುರಿಗಾರ. ಉಸಿರು ಎಳೆದುಕೊಂಡ. “ಬಂದ್ಲೇನ?”

ಮತ್ತೆ ಏನೂ ಹೇಳಲಿಲ್ಲ. ಡೊಳ್ಳು ನಿಂತಿತು.

“ಬಂದ್ಲರಿ” ಎಂದಳು ಸುಗಲಾಬಾಯಿ.

ಕುರಿಗಾರ ಪಕ್ಕಕ್ಕೆ ಉರುಳಿದ. ಬಾಗಿಲು ತೆರೆಯಲಿಲ್ಲ.

ಆಮೇಲೆ ಹಣಮಂತಪ್ಪನ ಹೊಟ್ಟೆ ಕುಲುಕತೊಡಗಿತು. ಅಳುತ್ತಾನೆಂದು ಮನೀಷಾ ತಿಳಿದಳು. ಅವನು ನಗುತ್ತಿದ್ದ. “ಕುರಿ ಕರದಾನ” ಎಂದ. “ದೇವರ ಪದ ಕೇಳಿದ್ರ ಕುರಿ ಕರದಾನ ನನ ಮಗಾ. ಅವರು ಮಂತ್ರ ಅಂತ ಕೈ ಮುಗದಾರ.” ನಗು ನಿಲ್ಲಿಸಿ ತಟ್ಟೆಯಿಂದ ಭಂಡಾರ ತೆಗೆದು, ಮನೀಷಾಳ ಹೆಗಲಲ್ಲಿದ್ದ ಡೊಳ್ಳಿಗೆ ಹಚ್ಚಿದ. “ಮನಿಗೆ ಒಯ್ಯಿರಿ.”

ತುಕಾರಾಮನ ಮುಖ ಸಣ್ಣದಾಗಿತ್ತು. ಮುಳ್ಳುಕಂಟಿಯಲ್ಲಿ ಸಿಕ್ಕವನ ಹಾಗೆ ಅತ್ತ ಇತ್ತ ನೋಡಿದ. “ವೈನಿ, ನಂದು ತಪ್ಪಾತು. ನಾನೂ ಒಂದ ವಿಡಿಯೋ ಮಾಡ್ತೀನಿ. ಇದು ಮಂತ್ರ ಅಲ್ಲ, ಕುರಿ ಹೆಸರು ಅಂತ ಎಲ್ಲಾ ಬಿಡಿಸಿ ಹೇಳ್ತೀನಿ. ಅಣ್ಣನ ಹೆಸರಿಗೆ ಹತ್ತಿದ್ದು ತೊಳೀಲಿ.”

ಸುಗಲಾಬಾಯಿಗೂ ಅದೇ ಬೇಕಿತ್ತು. ಅಕ್ಕಲಕೋಟದ ಸಂತೆಯಲ್ಲಿ, ಬಸ್ಸಿನಲ್ಲಿ, ನೀರಿನ ಟ್ಯಾಂಕಿಯ ಹತ್ತಿರ, ಎಲ್ಲೆಲ್ಲಿ ಬೆನ್ನ ಹಿಂದೆ ಪಿಸುಗುಟ್ಟಿದ್ದರೋ ಅಲ್ಲೆಲ್ಲ ಕೂಗಿ ಹೇಳಬೇಕಿತ್ತು. ಬಾಯಿತನಕ ಹೂಂ ಬಂತು. ಆಮೇಲೆ ಚಹಾದ ಕಪ್ಪು ನೆನಪಾಯಿತು, ಬೆವತ ಹಣೆ ನೆನಪಾಯಿತು.

“ಹೇಳಿದ ಮ್ಯಾಲ ಅವರು ಏನ ಮಾಡ್ತಾರ?” ಎಂದು ಕೇಳಿದಳು.

“ಯಾರು?”

“ಪುಣೆಯವರು. ಇದು ಕುರಿ ಹೆಸರಂತ ಗೊತ್ತಾದ್ರ, ಖರೇ ಪದ ಯಾವುದು ಅಂತ ಹುಡುಕ್ಕೊಂಡು ಬರ್ತಾರ. ಈ ಮುತ್ಯಾನ್ನ ಕೇಳ್ತಾರ. ನಿನ್ನ ಕೇಳ್ತಾರ. ಈಗ ಸಿಕ್ಕೇತಿ ಅಂತ ತಿಳಕೊಂಡು ಸುಮ್ಮನ ಅದಾರ. ಹಂಗೇ ಇರ್ಲಿ ಅಂತ ನಮ್ಮವರು ಮಾಡ್ಯಾರ.”

“ಅಣ್ಣನ ಮ್ಯಾಲಿನ ಹೊರಿ?”

“ಹೊರ್ತೀನಿ. ಕುಂಟಿನ್ನ ಹೊತ್ತಿಲ್ಲೇನು?”

ಹಣಮಂತಪ್ಪ ತಟ್ಟೆಯನ್ನು ತುಕಾರಾಮನ ಕಡೆ ಸರಿಸಿದ. ತುಕಾರಾಮ ಮುಷ್ಟಿ ತುಂಬ ಭಂಡಾರ ಹಿಡಿದು, ಕುರಿಗಳ ಹೆಸರು ಹೊರಗೆ ಬಾಯಿ ಬಿಡುವುದಿಲ್ಲ ಎಂದು ಆಣೆ ಮಾಡಿದ. ಮನೀಷಾ ಮಾಡಿದಳು. ಕೊನೆಗೆ ಸುಗಲಾಬಾಯಿ. ಆ ಗುಡಿಯಲ್ಲಿ ಹೆಂಗಸರು ಭಂಡಾರದ ಆಣೆ ಮಾಡಿದ್ದು ಯಾರೂ ಕಂಡಿರಲಿಲ್ಲ. ಹಣಮಂತಪ್ಪ ಬೇಡ ಎನ್ನಲಿಲ್ಲ.

ಮುಂದಿನ ಸಂತೆಗೆ ಅವಳು ಉಣ್ಣೆಯ ದಾರ ಮಾರಲು ಅಕ್ಕಲಕೋಟಕ್ಕೆ ಹೋದಳು. ಪಕ್ಕದಲ್ಲಿ ಈರುಳ್ಳಿ ಹಾಕಿಕೊಂಡು ಕುಳಿತ ಗುರುಬಾಯಿ, ನೆರೆ ಊರಿನವಳು, ಬಹಳ ಹೊತ್ತು ತಡೆದು ಕೊನೆಗೆ ಕೇಳಿದಳು. “ನಿಮ್ಮವರು ಆಟದಾಗ ದೇವರ ಮಂತ್ರ ಹೇಳಿಕೊಟ್ಟಾರಂತಲ್ಲ, ಖರೆ ಏನವ್ವ?”

ಸುಗಲಾಬಾಯಿ ದಾರದ ಉಂಡೆ ಮುಷ್ಟಿಯಲ್ಲಿ ಹಿಡಿದಳು. ಬೆರಳ ಸಂದಿನಲ್ಲಿ ಹಳದಿ ಇನ್ನೂ ಇತ್ತು.

“ಹೌದಂತ” ಎಂದಳು.