ಕೊಟ್ರಕ್ಕನ ಸಿಟ್ಟು

ಎದುರಿಗೆ ಬಂದವರ ಮುಖ ನೋಡುವ ಮೊದಲು ಕೊಟ್ರಕ್ಕ ಕಾಲು ನೋಡುತ್ತಿದ್ದಳು. ಹಿಮ್ಮಡಿ ಒಡೆದಿದ್ದರೆ, ಬರಿಗಾಲಲ್ಲಿ ಬಂದಿದ್ದರೆ, ಬಾ ಕೂಡು ಅನ್ನುವುದಕ್ಕಿಂತ ಮೊದಲೇ ಬೈಗುಳ ಬೀಳುತ್ತಿತ್ತು. ಹಗರಿಬೊಮ್ಮನಹಳ್ಳಿಯ ನಮ್ಮ ಓಣಿಯಲ್ಲಿ, ನಮ್ಮ ಮನೆಯ ಎದುರಿಗೇ, ಬಾಗಿಲ ಬಳಿ ಹೊಲಿಗೆ ಮೆಷಿನ್ ಹಾಕಿಕೊಂಡು ಜಂಪರು ಹೊಲಿಯುತ್ತಿದ್ದ ಹೆಂಗಸು ಅವಳು. ಅಳತೆ ಕೊಡಲು ಬರುವವರು ಅವಳಿಗೆ ಹೆದರಿ ಕಾಲು ತೊಳೆದುಕೊಂಡು ಬರುತ್ತಿದ್ದರು.

ಅವಳ ಗಂಡ ವೀರಣ್ಣನಿಗೆ ಸಕ್ಕರೆ ಕಾಯಿಲೆ ಇತ್ತು. ಅಂಗಾಲು ಜೋಮುಗಟ್ಟಿತ್ತು. ಹೊಲದಲ್ಲಿ ಚುಚ್ಚಿದ ಜಾಲಿಮುಳ್ಳು ನಾಲ್ಕು ದಿನ ಕಾಲಲ್ಲೇ ಇದ್ದರೂ ಅವನಿಗೆ ನೋವೇ ಆಗಲಿಲ್ಲ. ವಾಸನೆ ಬಂದ ಮೇಲೆ ಇವಳಿಗೆ ಗೊತ್ತಾಯಿತು. ಮೊಣಕಾಲ ಕೆಳಗೆ ಕಾಲು ತೆಗೆದರು. ವರ್ಷ ತುಂಬುವುದರೊಳಗೆ ಅವನೂ ಹೋದ. ಮಣ್ಣಿಗೆ ಬಂದವರೆಲ್ಲ ಹಣೆಬರಹ ಅಂದರಂತೆ. ಅದನ್ನು ನನ್ನ ಮುಂದೆ ಹೇಳುವಾಗಲೆಲ್ಲ ಅವಳ ದನಿ ಏರುತ್ತಿತ್ತು. "ಹಣಿಬರ ಅಲ್ರಿ ಮೇಷ್ಟ್ರ, ಮುಳ್ಳು. ಒಂದು ಮುಳ್ಳು."

ಮುಂದೆ ಅವಳಿಗೂ ಅದೇ ಕಾಯಿಲೆ ಬಂತು. ಅವಳು ಅಳಲಿಲ್ಲ, ಸಿಟ್ಟಿಗೆದ್ದಳು. ಮನೆಯಲ್ಲಿ ಫ್ರಿಜ್ ಇರಲಿಲ್ಲ. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಇನ್ಸುಲಿನ್ ಸೀಸೆಯನ್ನು ಅದರೊಳಗೆ ತಣ್ಣಗೆ ಇಟ್ಟುಕೊಂಡಿದ್ದಳು. ಊಟಕ್ಕೆ ಮೊದಲು ಮೆಷಿನ್ನಿನ ಮುಂದೆ ಕೂತೇ ಸೆರಗು ಸರಿಸಿ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುವಳು. ಎರಡು ರೊಟ್ಟಿ, ಬೊಗಸೆ ತುಂಬ ಪಲ್ಯ, ಚೂರು ಅನ್ನ. ಊಟ ಮುಗಿದರೆ ಓಣಿಯ ತುದಿಯವರೆಗೆ ಹತ್ತು ಸಲ ನಡಿಗೆ. ಮಲಗುವ ಮುಂಚೆ ಕೈಗನ್ನಡಿ ನೆಲಕ್ಕಿಟ್ಟು ಎರಡೂ ಅಂಗಾಲು ನೋಡಿಕೊಳ್ಳುವಳು. ಒಂದು ದಿನವೂ ತಪ್ಪಿದ್ದಿಲ್ಲ.

ಹರಪನಹಳ್ಳಿಯಲ್ಲಿ ನಮ್ಮಿಬ್ಬರಿಗೂ ಬೇಕಾದವರ ಮನೆ ಒಕ್ಕಲು. ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತಿದ್ದೆವು. ಮನೆಯ ಯಜಮಾನ ಹೋಳಿಗೆ ಹಿಡಿದು ನಿಂತ. ಅವಳು ಎರಡೂ ಕೈಯಿಂದ ಎಲೆ ಮುಚ್ಚಿದಳು.

"ಒಂದ ತಿನ್ನಕ್ಕ, ಒಂದಕ್ಕ ಏನಾಕತಿ?" ಅಂತ ಅವನು ಕೈ ಸರಿಸಿ ಹಾಕಿಯೇಬಿಟ್ಟ.

ಕೊಟ್ರಕ್ಕ ಎಲೆ ಬಿಟ್ಟು ಎದ್ದು ನಿಂತಳು. "ನಾಳಿ ನನ್ನ ಕಾಲು ಕೊಯ್ಯಾಗ ಹಿಡಕೊಳ್ಳಾಕ ನೀ ಬರ್ತಿಯೇನಪ್ಪ? ನನ್ನ ಗಂಡಗೂ ಹಿಂಗ ಒಂದೊಂದ ಹಾಕಿದ್ರಿ. ಅವನ ಕಾಲು ಎಲ್ಲಿ ಹುಗುದ್ರು ಅಂತ ಯಾರಾದ್ರೂ ಕೇಳೀರೇನು?"

ಪಂಕ್ತಿಯವರೆಲ್ಲ ನಮ್ಮ ಕಡೆ ತಿರುಗಿದರು. ನನಗೆ ನಾಚಿಕೆಯಾಗಿತ್ತು, ಅವಳ ಪಕ್ಕ ಕೂತಿದ್ದಕ್ಕೆ. ನನ್ನ ಎಲೆಯಲ್ಲಿ ಎರಡು ಹೋಳಿಗೆ ಇದ್ದವು.

ಅಷ್ಟೊತ್ತಿಗಾಗಲೇ ನನಗೂ ಸಕ್ಕರೆ ಕಾಯಿಲೆ ಇತ್ತು. ಇಟ್ಟಿಗಿಯ ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ನಾನು, ಆರೋಗ್ಯದ ಪಾಠವನ್ನೂ ಮಾಡುವ ವಿಜ್ಞಾನದ ಮೇಷ್ಟ್ರು. ಆದರೂ ಕೊಟ್ಟೂರಿನ ಸಂತೆಯಲ್ಲಿ ಒಬ್ಬ ಮೈಕು ಹಿಡಿದು ಮಾರುತ್ತಿದ್ದ ಪುಡಿಯ ಡಬ್ಬಿ ತಂದಿದ್ದೆ. ನಲವತ್ತು ದಿನಕ್ಕೆ ಬುಡಸಮೇತ ಹೋಗುತ್ತದೆ, ಆದರೆ ಮಾತ್ರೆ ಬಿಡಬೇಕು ಅಂದಿದ್ದ. ಬಿಟ್ಟೆ. ಜೀವನಪೂರ್ತಿ ಮಾತ್ರೆ ಅನ್ನುವ ಮಾತು ನನಗೆ ಅಷ್ಟು ಅವಮಾನ ಅನ್ನಿಸಿತ್ತು.

ಮೂರನೆಯ ವಾರ ಹೆಬ್ಬೆರಳಿಗೆ ಚಪ್ಪಲಿ ಉಜ್ಜಿ ಗುಳ್ಳೆ ಎದ್ದಿತು. ಕೊಟ್ರಕ್ಕನ ಕಣ್ಣಿಗೆ ಬೀಳದೇ ಇರುತ್ತದೆಯೇ? ಅರ್ಧ ಗಂಟೆಯಲ್ಲಿ ನನ್ನ ಬಾಯಿಂದ ಎಲ್ಲಾ ಹೊರಡಿಸಿದಳು. ಕೇಳಿ ಮುಗಿದ ಮೇಲೆ ಒಂದೇ ಮಾತು: "ಸಂತಿ ದಿನ ಸಾಲಿಗೆ ರಜಾ ಹಾಕ್ರಿ."

ಹೋದೆವು. ಅವಳ ಚೀಲದಲ್ಲಿ ಸಕ್ಕರೆ ನೋಡುವ ಯಂತ್ರ. ಪುಡಿಯವನ ಸುತ್ತ ಇಪ್ಪತ್ತು ಮೂವತ್ತು ಜನ ಇದ್ದರು. ಅವಳು ನುಗ್ಗಿ ಮುಂದೆ ನಿಂತು, "ಇವರು ನಿನ್ನ ಪುಡಿ ತಿಂದೋರು. ಇವರದು ಎಷ್ಟೈತಿ ನೋಡೋಣು. ಕಮ್ಮಿ ಇದ್ರ ನಾನೂ ಎರಡು ಡಬ್ಬಿ ಒಯ್ತೀನಿ" ಅಂದಳು.

"ಇಲ್ಲಿ ಬ್ಯಾಡಕ್ಕ" ಅಂದೆ.

"ಬೆರಳು ಕೊಡ್ರಿ ಮೇಷ್ಟ್ರ."

ಕೊಟ್ಟೆ. ಯಂತ್ರ ನನ್ನ ಕೈಗೇ ಕೊಟ್ಟು ಜೋರಾಗಿ ಓದ್ರಿ ಅಂದಳು. ನಾನೂರ ಹನ್ನೆರಡು. ಗುಂಪಿನಲ್ಲಿ ನನ್ನ ವಿದ್ಯಾರ್ಥಿಯೊಬ್ಬಳ ತಂದೆ ಇದ್ದರು. ತಲೆ ತಗ್ಗಿಸಿ ಇನ್ನೊಮ್ಮೆ ಓದಿದೆ.

ಪುಡಿಯವನು, "ಪಥ್ಯ ಮಾಡಿರಂಗಿಲ್ಲ ಬಿಡ್ರಿ" ಅಂದ.

ಕೊಟ್ರಕ್ಕ ಒಂದು ಡಬ್ಬಿ ಎತ್ತಿ ಅವನ ಮುಂದೆಯೇ ನೆಲಕ್ಕೆ ಸುರಿದಳು. "ಒಬ್ಬರು ಮಾತ್ರಿ ಬಿಟ್ಟು ಸತ್ರ ಅದು ಖೂನಿ. ಪಥ್ಯ ಅಂತ ಪಥ್ಯ!" ಗಲಾಟೆಯಾಯಿತು. ಕೆಲವರು ಡಬ್ಬಿ ವಾಪಸು ಕೊಟ್ಟರು. ಅವನು ಗಂಟುಮೂಟೆ ಕಟ್ಟಿದ. ಬಸ್ಸಿನಲ್ಲಿ ಬರುವಾಗ ನಾನು, ಗೆದ್ದೆವಲ್ಲಕ್ಕ ಅಂದೆ. ಅವಳು ಕಿಟಕಿಯ ಕಡೆ ತಿರುಗಿ, "ಮುಂದಿನ ವಾರ ಹಡಗಲಿಯಾಗ ಇರ್ತಾನ" ಅಂದಳು. ಹಾಗೇ ಆಯಿತು.

ನಾನು ಮತ್ತೆ ಮಾತ್ರೆ ಹಿಡಿದೆ. ಗುಳ್ಳೆ ವಾಸಿಯಾಯಿತು. ಈ ಎರಡು ಕಾಲು ಇಂದಿಗೂ ನನ್ನವಾಗಿರುವುದು ಅವಳಿಂದ.

ಇನ್ನು ಹೇಳಬೇಕಾದ್ದು ನನ್ನ ವಿಷಯ. ಒಮ್ಮೆ ಬಳ್ಳಾರಿಗೆ ಹೋಗಿದ್ದಾಗ ಅಲ್ಲಿನ ಡಾಕ್ಟರು, ಸಕ್ಕರೆ ಇರುವವರು ವರ್ಷಕ್ಕೊಮ್ಮೆ ಕಣ್ಣಿನ ಪರದೆ ಪರೀಕ್ಷೆ ಮಾಡಿಸಬೇಕು, ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ಮಾಡಿಸಬೇಕು ಅಂದರು. ಮಾಡಿಸಿದೆ. ಮರುವರ್ಷವೂ ಮಾಡಿಸಿದೆ. ಊರಿಗೆ ಬಂದು ನನ್ನ ಪಾಡಿಗೆ ನಾನಿದ್ದೆ. ಎದುರು ಮನೆಯಲ್ಲಿ ಅವಳು ದಿನವಿಡೀ ಸೂಜಿಗೆ ದಾರ ಪೋಣಿಸುತ್ತ ಕೂತಿರುತ್ತಿದ್ದಳು. ಅವಳಿಗೆ ಹೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ನಮ್ಮೂರಿನಲ್ಲಿ ಅವಳಿಗೆ ವರ್ಷಗಟ್ಟಲೆ ಚೀಟಿ ಬರೆದುಕೊಟ್ಟ ಡಾಕ್ಟರೂ ಹೇಳಲಿಲ್ಲ. ಅವರ ಮೇಲೆ ನನಗೆ ಸಿಟ್ಟಿದೆ. ಆದರೆ ಅವರು ಎದುರು ಮನೆಯವರಲ್ಲ.

ಒಂದು ಬೆಳಿಗ್ಗೆ ಅವಳ ಎಡಗಣ್ಣಿನಲ್ಲಿ ಕಪ್ಪು ಪರದೆ ಇಳಿಯಿತು. ಕೆಲವು ತಿಂಗಳಲ್ಲಿ ಬಲಗಣ್ಣೂ ಹೋಯಿತು. ಒಳಗೆ ರಕ್ತ ಸೋರಿದೆ, ಮೊದಲೇ ಬಂದಿದ್ದರೆ ಲೇಸರ್ ಕೊಟ್ಟು ಉಳಿಸಬಹುದಿತ್ತು ಅಂತ ಕಣ್ಣಿನ ಡಾಕ್ಟರು ಅಂದರಂತೆ. ಇನ್ಸುಲಿನ್ ಸಿರಿಂಜಿನ ಗೆರೆ ಕಾಣದೆ ಒಂಟಿಯಾಗಿ ಇರುವಂತಿರಲಿಲ್ಲ. ಹಲವಾಗಲಿಗೆ ಮದುವೆ ಮಾಡಿಕೊಟ್ಟಿದ್ದ ಮಗಳು ಬಂದು ಕರೆದೊಯ್ದಳು.

ತಿಂಗಳಾದ ಮೇಲೆ ನೋಡಲು ಹೋದೆ. ಮಲಗಿದ್ದವಳು ದನಿಯಿಂದಲೇ ಗುರುತು ಹಿಡಿದಳು. ಮಗಳು ದಿನಾ ಸೂಜಿ ಹಾಕುತ್ತಾಳೆ ಅಂದಳು. ನನ್ನ ಸಕ್ಕರೆ ಎಷ್ಟಿದೆ ಕೇಳಿದಳು, ಹೇಳಿದೆ. ಆಮೇಲೆ, "ಕಣ್ಣು ತೋರಿಸೀರೇನು? ತಡ ಮಾಡಬ್ಯಾಡ್ರಿ" ಅಂದಳು.

ಸುಳ್ಳು ಹೇಳಬಹುದಿತ್ತು. "ತೋರಿಸೀನಕ್ಕ" ಅಂದೆ.

"ಯಾವಾಗ?"

"ಎರಡು ವರ್ಷದಿಂದ ತೋರಿಸಾಕತ್ತೀನಿ."

ಅವಳು ಬೈಯಲಿ ಅಂತ ಕಾದೆ. ಸಂತೆಯಲ್ಲಿ ಕೂಗಿದ ಹಾಗೆ ಕೂಗಲಿ, ಅವಳ ಮಗಳ ಮುಂದೆ, ಓಣಿಯವರ ಮುಂದೆ.

"ನನಗ ಒಂದು ಮಾತು ಹೇಳಬೇಕಿತ್ರಿ ಮೇಷ್ಟ್ರ" ಅಂದಳು, ಮೆಲ್ಲಗೆ. ಆಮೇಲೆ ಗೋಡೆಯ ಕಡೆ ಮಗ್ಗಲು ತಿರುಗಿದಳು.

ಅವಳು ಇನ್ನೂ ಏಳು ತಿಂಗಳು ಬದುಕಿದ್ದಳು. ನಾನು ಮತ್ತೆ ಹಲವಾಗಲಿಗೆ ಹೋಗಲಿಲ್ಲ.