ಶೀಸೆಯೊಳಗಿನ ಅರಿಶಿನ

ನಾನು ಬೇತಮಂಗಲದ ಕಡೆ ದನದ ಡಾಕ್ಟರಾಗಿದ್ದಾಗ ಒಂದು ಹಳ್ಳಿಯ ಕುರಿಗಳಿಗೆಲ್ಲ ಬೊಕ್ಕೆ ಎದ್ದವು. ಅಮ್ಮ ಬಂದಿದ್ದಾಳೆ ಎಂದರು ಊರವರು. ರಕ್ತ ಪರೀಕ್ಷೆಯಾಗದೆ ಮದ್ದು ಕಳಿಸುವುದಿಲ್ಲ ಎಂಬುದು ಬೆಂಗಳೂರಿನವರ ಹಟ. ಅಷ್ಟರಲ್ಲಿ ಇಡೀ ಊರಿನಲ್ಲಿ ಉಳಿದದ್ದು ಮುನಿಯಮ್ಮ ಎಂಬವಳ ಮಂದೆಯ ಒಂದೇ ಕುರಿ. ಅದರ ರಕ್ತ ತೆಗೆದು, ಶೀಸೆಯನ್ನು ಅವಳಿಗೆ ಕೊಟ್ಟು ಕೈ ತೊಳೆಯಲು ಹೋದೆ. ಅವಳೇ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಟ್ಟಳು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬಿಚ್ಚಿ ನೋಡಿದರೆ ರಕ್ತದೊಳಗೆ ಅರಿಶಿನ, ಬೇವಿನೆಲೆ.

ಮತ್ತೆ ರಕ್ತ ತೆಗೆಯಲು ಹಳ್ಳಿಗೆ ಓಡಿದೆ. ಕುರಿ ಸತ್ತಿತ್ತು.

"ಯಾಕೆ ಮುನಿಯಮ್ಮ, ಹಿಂಗೆ ಮಾಡ್ದೆ?"

"ಅಮ್ಮ ಬೆಂಗ್ಳೂರ್ಗಂಟ ಓಗ್ತಾವ್ಳೆ ಸೋಮಿ, ಬರಿಗೈಲಿ ಕಳ್ಸಕ್ಕಾಯ್ತದಾ?" ಎಂದಳು, ಸತ್ತ ಕುರಿಯ ಕಿವಿ ಸವರುತ್ತಾ.

ಅಮ್ಮ ಬೆಂಗಳೂರಿಗೆ ಹೋಗಲಿಲ್ಲ. ಪಕ್ಕದ ಹಳ್ಳಿಗೆ ಹೋದಳು. ಅದಕ್ಕೆ ಶೀಸೆಯೂ ಬೇಕಿರಲಿಲ್ಲ, ರೈಲೂ ಬೇಕಿರಲಿಲ್ಲ.